ಗೋಡೆ ಖಾಲಿ ಉಳಿಯಲಿಲ್ಲ

(ಗುಳೇದಗುಡ್ಡದಲ್ಲಿ ಊರಿನ ಓದುಗರ ಮುಂದೆ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕಿಳಿಸಿ ತಿದ್ದಲಾಗಿದೆ.)

ನನ್ನ ಮದುವೆಯಾದ ಮೂರನೆಯ ದಿನ ನಮ್ಮ ನಡುಮನೆಯಲ್ಲಿ ಒಂದು ಧರ್ಮಸಭೆ ನಡೆಯಿತು. ಬಿಷಪ್ಪರಿರಲಿಲ್ಲ, ಚಕ್ರವರ್ತಿಯಿರಲಿಲ್ಲ, ಅವ್ವ ಮತ್ತು ನನ್ನ ಹೆಂಡತಿ ಇಬ್ಬರೇ. ನಾವು ಇದೇ ಗುಳೇದಗುಡ್ಡದವರು, ಬಾಸೆಲ್ ಮಿಷನ್ ಕಾಲದಿಂದ ಬಂದ ಪ್ರೊಟೆಸ್ಟಂಟರು. ಅಜ್ಜ ಖಣ ನೇಯುತ್ತಿದ್ದರು. ಹೆಂಡತಿ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಕಥೋಲಿಕ ಮನೆಯವಳು. ಅಂದು ಅವಳು ಟ್ರಂಕು ತೆರೆದು, ಇಳಕಲ್ ಸೀರೆಯ ಮಡಿಕೆಯೊಳಗಿಂದ ಗೇಣುದ್ದದ ಮರಿಯಮ್ಮನ ಪ್ರತಿಮೆಯೊಂದನ್ನು ತೆಗೆದಳು. ಜೋಳ ಹಸನು ಮಾಡುತ್ತಿದ್ದ ಅವ್ವ ಮೊರವನ್ನು ಕೆಳಗಿಟ್ಟಳು.

“ಇದನ್ನು ಎಲ್ಲಿಡಬೇಕವ್ವಾ?” ಎಂದು ಸೊಸೆಯನ್ನು ಕೇಳಿದಳು.

“ನೀವು ಎಲ್ಲಿ ಹೇಳುತ್ತೀರೋ ಅಲ್ಲಿ, ಅತ್ತೆ.”

ಆವರೆಗೆ ನಮ್ಮ ಗೋಡೆಯ ಮೇಲೆ ಇದ್ದದ್ದು ಎರಡೇ ವಸ್ತು: ಬೈಬಲ್ ವಚನಗಳ ಕ್ಯಾಲೆಂಡರ್, ಒಂದು ಗಡಿಯಾರ. ಅವ್ವ ಇಡೀ ಮಧ್ಯಾಹ್ನ ಮಾತಾಡಲಿಲ್ಲ. ಸಂಜೆಯ ಹೊತ್ತಿಗೆ ಗೋಡೆಯ ಗೂಡಿನಲ್ಲಿದ್ದ ಕಂದೀಲು ಪಕ್ಕಕ್ಕೆ ಸರಿದಿತ್ತು, ಪ್ರತಿಮೆ ಒಳಗೆ ನಿಂತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಗೂಡಿಗೆ ಪರದೆ ಬಂದಿತ್ತು, ಹಳೆಯ ಖಣದ ಒಂದು ತುಂಡು. ಈ ತೀರ್ಪನ್ನು ಯಾರ ಪಕ್ಷಕ್ಕೆ ಬರೆದುಕೊಳ್ಳಬೇಕು ಎಂಬುದು ಆಗ ನನಗೆ ತಿಳಿಯಲಿಲ್ಲ. ಇತಿಹಾಸದ ಮಾಸ್ತರನಾಗಿ ನಿವೃತ್ತನಾದ ಮೇಲೆ ಇದರ ಬೇರು ಹುಡುಕುತ್ತ ಕುಳಿತೆ. ಒಂದು ಬೇರು ಸ್ವಿಟ್ಜರ್ಲೆಂಡಿಗೆ ಹೋಯಿತು, ಒಂದು ಗೋವಾಕ್ಕೆ, ಇನ್ನೊಂದು ಇಸ್ತಾಂಬುಲಿಗೆ. ಇವತ್ತು ಹೇಳುವುದು ಅದನ್ನೇ.

ಮೊದಲು ಒಂದು ಪರೀಕ್ಷೆ. ಇಲ್ಲಿ ಕುಳಿತಿರುವ ಒಬ್ಬ ಕಥೋಲಿಕರನ್ನೂ ನಮ್ಮ ಸಭೆಯ ಒಬ್ಬರನ್ನೂ ಎಬ್ಬಿಸಿ, ಹತ್ತು ಆಜ್ಞೆಗಳಲ್ಲಿ ಎರಡನೆಯದು ಯಾವುದು ಎಂದು ಕೇಳಿ. ನಮ್ಮವರು “ವಿಗ್ರಹ ಮಾಡಿಕೊಳ್ಳಬೇಡ” ಎನ್ನುತ್ತಾರೆ. ಕಥೋಲಿಕರು “ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬೇಡ” ಎನ್ನುತ್ತಾರೆ. ಇಬ್ಬರೂ ಸರಿ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಆಜ್ಞೆಗಳಿವೆ, ಆಜ್ಞೆಗಳಿಗೆ ಸಂಖ್ಯೆ ಹಾಕಿಲ್ಲ. ಕಥೋಲಿಕರು ವಿಗ್ರಹದ ಮಾತನ್ನು ಮೊದಲ ಆಜ್ಞೆಯೊಳಗೇ ಎಣಿಸುತ್ತಾರೆ. ಕೊನೆಯಲ್ಲಿ ಬರುವ ‘ಆಶಿಸಬೇಡ’ ಎಂಬುದನ್ನು ಎರಡಾಗಿ ಬಿಡಿಸಿ ಹತ್ತನ್ನು ತುಂಬಿಸುತ್ತಾರೆ. ನಾನು ಹುಡುಗನಾಗಿದ್ದಾಗ, ಅವರು ಒಂದು ಆಜ್ಞೆಯನ್ನೇ ಕದ್ದಿದ್ದಾರೆ ಎಂದು ಭಾನುವಾರದ ಪಾಠದಲ್ಲಿ ಕೇಳಿದ್ದೆ, ನಂಬಿಯೂ ಇದ್ದೆ. ಪ್ರೊಟೆಸ್ಟಂಟರ ಮೊದಲಿಗ ಮಾರ್ಟಿನ್ ಲೂಥರ್ ಕೂಡ ಅದೇ ಎಣಿಕೆಯನ್ನು ಇಟ್ಟುಕೊಂಡಿದ್ದ ಎಂಬುದು ತಿಳಿದಾಗ ನನಗೆ ವಯಸ್ಸಾಗಿತ್ತು.

ಆ ಆಜ್ಞೆ ಕೊಟ್ಟ ಐದು ಅಧ್ಯಾಯಗಳ ಮುಂದೆಯೇ ಆಜ್ಞೆಯ ಹಲಗೆಗಳನ್ನಿಡುವ ಮಂಜೂಷದ ಮೇಲೆ ಬಂಗಾರದ ಎರಡು ಕೆರೂಬಿಗಳನ್ನು, ಅಂದರೆ ರೆಕ್ಕೆಯ ದೇವದೂತರನ್ನು, ಮಾಡಿಸು ಎಂಬ ಅಪ್ಪಣೆ ಬರುತ್ತದೆ. ಅರಣ್ಯಕಾಂಡದಲ್ಲಿ ಮೋಶೆ ತಾಮ್ರದ ಸರ್ಪ ಮಾಡಿ ಕಂಬಕ್ಕೆ ಏರಿಸುತ್ತಾನೆ. ಹಾವು ಕಚ್ಚಿದವರು ಅದನ್ನು ನೋಡಿ ಬದುಕುತ್ತಾರೆ. ಅದೂ ದೇವರ ಅಪ್ಪಣೆಯೇ. ನೂರಾರು ವರ್ಷಗಳ ನಂತರ ಹಿಜ್ಕೀಯ ಎಂಬ ಒಳ್ಳೆಯ ಅರಸ ಅದೇ ಸರ್ಪವನ್ನು ಚೂರು ಮಾಡುತ್ತಾನೆ, ಬೈಬಲ್ ಅವನನ್ನು ಹೊಗಳುತ್ತದೆ. ತಾಮ್ರ ಬದಲಾಗಿರಲಿಲ್ಲ, ಸರ್ಪದ ಆಕಾರವೂ ಬದಲಾಗಿರಲಿಲ್ಲ. ಜನ ಅದಕ್ಕೆ ಧೂಪ ಹಾಕತೊಡಗಿದ್ದರು, ಅಷ್ಟೆ. ಈ ಒಂದು ಕತೆಯನ್ನು ಎರಡೂ ಪಕ್ಷಗಳು ಎಳೆದಾಡಿವೆ. ಮಾಡಬಹುದು ಎನ್ನುವವರು ಮೋಶೆಯನ್ನು ತೋರಿಸುತ್ತಾರೆ, ಒಡೆಯಬೇಕು ಎನ್ನುವವರು ಹಿಜ್ಕೀಯನನ್ನು. ಜಗಳ ವಸ್ತುವಿನದಲ್ಲ, ಅದರ ಮುಂದೆ ಕೈ ಏನು ಮಾಡುತ್ತದೆ ಎಂಬುದರದು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಎರಡು ಸಾವಿರ ವರ್ಷ ಸ್ವಲ್ಪ ಸುಲಭವಾಗುತ್ತದೆ.

ಮೊದಲ ಕ್ರೈಸ್ತರು ಚಿತ್ರ ಬರೆಯಲೇ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಿರಿಯಾದ ದುರಾ ಯೂರೋಪೋಸ್ ಎಂಬ ಗಡಿ ಊರು 256ರ ಸುಮಾರಿಗೆ ಯುದ್ಧದಲ್ಲಿ ಮಣ್ಣಿನಡಿ ಹೂತುಹೋಯಿತು. ಅಗೆದು ನೋಡಿದಾಗ ಕ್ರೈಸ್ತರು ಕೂಡುತ್ತಿದ್ದ ಒಂದು ಮನೆ ಸಿಕ್ಕಿತು. ದೀಕ್ಷಾಸ್ನಾನದ ಕೋಣೆಯ ಗೋಡೆಯ ಮೇಲೆ ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ಚಿತ್ರವಿತ್ತು. ಅದೇ ಊರಿನ ಯೆಹೂದ್ಯರ ಸಭಾಮಂದಿರದ ಗೋಡೆಗಳೂ ಚಿತ್ರಗಳಿಂದ ತುಂಬಿದ್ದವು. ಹಾಗೆಂದು ಎಲ್ಲರೂ ಒಪ್ಪಿದ್ದರು ಎಂದುಕೊಳ್ಳಬೇಡಿ. ನಾಲ್ಕನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಬಿಷಪ್ಪರು, ಚರ್ಚಿನೊಳಗೆ ಚಿತ್ರಗಳಿರಬಾರದು ಎಂದು ನಿಯಮ ಮಾಡಿದರು. ಆ ಶತಮಾನದ ಕೊನೆಗೆ ನಡೆದ ಇನ್ನೊಂದು ಘಟನೆಯನ್ನು ನೇಕಾರರ ಊರಿನಲ್ಲಿ ಹೇಳದೆ ಇರಲಾರೆ.

ಸೈಪ್ರಸ್ಸಿನ ಬಿಷಪ್ ಎಪಿಫಾನಿಯಸ್ ಪ್ಯಾಲೆಸ್ಟೈನಿನ ಒಂದು ಹಳ್ಳಿಯ ಮೂಲಕ ಹೋಗುತ್ತಿದ್ದ. ಚರ್ಚಿನಲ್ಲಿ ದೀಪ ಕಂಡು ಪ್ರಾರ್ಥನೆಗೆಂದು ಒಳಗೆ ಹೋದ. ಬಾಗಿಲಿಗೆ ಪರದೆ ತೂಗುತ್ತಿತ್ತು, ಪರದೆಯ ಮೇಲೆ ಕ್ರಿಸ್ತನದೋ ಯಾವನೋ ಸಂತನದೋ ಚಿತ್ರವಿತ್ತು. ಯಾರದೆಂದು ನೆನಪಿಲ್ಲ ಎಂದು ಅವನೇ ಪತ್ರದಲ್ಲಿ ಬರೆದಿದ್ದಾನೆ. ನೋಡಿದವನೇ ಪರದೆಯನ್ನು ಹರಿದ. ಹರಿದ ಬಟ್ಟೆಯನ್ನು ಯಾರಾದರೂ ಬಡವನ ಹೆಣಕ್ಕೆ ಹೊದಿಸಿ ಎಂದ. ಅಲ್ಲಿದ್ದವರು ಗೊಣಗಿದರು: ಹರಿಯುವುದಾದರೆ ಬೇರೆ ಪರದೆ ಕೊಡಿಸಬೇಕಿತ್ತು. ನನಗೆ ಈ ಗೊಣಗಾಟ ಬಹಳ ಇಷ್ಟ. ದೈವಶಾಸ್ತ್ರ ಒಂದು ಕಡೆಗಿರಲಿ, ಬಟ್ಟೆಗೆ ಬೆಲೆ ಇದೆಯಲ್ಲ! ಎಪಿಫಾನಿಯಸ್ ಒಪ್ಪಿಕೊಂಡು ಹೊಸ ಪರದೆ ಕಳಿಸಿಕೊಟ್ಟ.

ಬಾದಾಮಿ ನಮಗೆ ಪಕ್ಕದಲ್ಲೇ ಇದೆ. ಮೂರನೆಯ ಗುಹೆಯಲ್ಲಿ ಮಂಗಳೇಶ ಶಾಸನ ಬರೆಸಿದ್ದು 578ರಲ್ಲಿ. ಅಲ್ಲಿ ಕಲ್ಲಿನೊಳಗಿಂದ ವಿಷ್ಣುವನ್ನು ಬಿಡಿಸಿದ ಎರಡು ದಶಕಗಳಿಗೆ, ಫ್ರಾನ್ಸಿನ ಮಾರ್ಸೇಯಲ್ಲಿ ಸೆರೆನಸ್ ಎಂಬ ಬಿಷಪ್ ತನ್ನ ಚರ್ಚಿನ ಚಿತ್ರಗಳನ್ನು ಒಡೆಸಿಹಾಕಿದ. ರೋಮಿನ ಪೋಪ್ ಗ್ರೆಗೊರಿ ಅವನಿಗೆ ಬರೆದ ಪತ್ರಗಳು ಉಳಿದಿವೆ. ಅವುಗಳ ಸಾರ ಇಷ್ಟು: ಚಿತ್ರಗಳಿಗೆ ಆರಾಧನೆ ಸಲ್ಲದಂತೆ ತಡೆದದ್ದು ಸರಿ, ಒಡೆದದ್ದು ತಪ್ಪು, ಓದುಬಲ್ಲವರಿಗೆ ಪುಸ್ತಕ ಹೇಗೋ ಓದಲಾರದವರಿಗೆ ಚಿತ್ರ ಹಾಗೆ. ಈ ಮಾತು ಮುಂದೆ ಸಾವಿರ ವರ್ಷ ಪಶ್ಚಿಮದ ಚರ್ಚಿಗೆ ನೆರಳು ಕೊಟ್ಟಿತು. ಆದರೆ ಇದರಲ್ಲಿ ಒಂದು ಬಿರುಕಿದೆ. ಎಲ್ಲರೂ ಓದಲು ಕಲಿತ ದಿನ ಚಿತ್ರದ ಕೆಲಸ ಮುಗಿಯಿತೇ? ಗ್ರೆಗೊರಿಯ ವಾದಕ್ಕೆ ಇದರ ಉತ್ತರ ಗೊತ್ತಿಲ್ಲ. ಆ ಉತ್ತರ ಪೂರ್ವದವರ ಹತ್ತಿರವಿತ್ತು. ಅದಕ್ಕೆ ಅವರು ತೆತ್ತ ಬೆಲೆಯೂ ದೊಡ್ಡದು.

ಈಗಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ನಲ್ಲಿ 726ರಿಂದ 730ರ ನಡುವೆ ಚಕ್ರವರ್ತಿ ಮೂರನೆಯ ಲಿಯೋ ಪವಿತ್ರ ಚಿತ್ರಗಳ ಮೇಲೆ ಕೈಮಾಡಿದ. ಅವನ ಮಗ ಐದನೆಯ ಕಾನ್‌ಸ್ಟಂಟೈನ್ ಇನ್ನೂ ಬಿರುಸಿನವನು. 754ರಲ್ಲಿ ಹಿಯೇರಿಯಾದಲ್ಲಿ 338 ಬಿಷಪ್ಪರನ್ನು ಕೂಡಿಸಿ ಚಿತ್ರಗಳನ್ನು ಖಂಡಿಸಿದ. ಇವರು ಒರಟರು, ಕಲೆ ತಿಳಿಯದವರು ಎಂದು ತಳ್ಳಿಹಾಕುವುದು ಸುಲಭ. ಅವರ ತರ್ಕ ಹರಿತವಾಗಿತ್ತು. ಕ್ರಿಸ್ತ ದೇವರೂ ಹೌದು, ಮನುಷ್ಯನೂ ಹೌದು. ನೀನು ಚಿತ್ರದಲ್ಲಿ ಬರೆದದ್ದು ಅವನ ಮನುಷ್ಯತ್ವವನ್ನು ಮಾತ್ರವೇ? ಹಾಗಾದರೆ ಅವನನ್ನು ಎರಡಾಗಿ ಸೀಳಿದೆ. ದೈವತ್ವವನ್ನೂ ಬರೆದೆನೆಂದರೆ ಅಳತೆಗೆ ಸಿಗದದ್ದನ್ನು ಚೌಕಟ್ಟಿಗೆ ಹಾಕಿದೆ. ಎತ್ತ ಹೋದರೂ ಸಿಕ್ಕಿಬೀಳುತ್ತೀ. ಹಾಗಾದರೆ ಕ್ರಿಸ್ತನ ನಿಜವಾದ ರೂಪ ಯಾವುದು? ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸ ಎಂದರು ಅವರು. ಗಮನಿಸಿ, ರೂಪವೇ ಬೇಡ ಎನ್ನಲಿಲ್ಲ. ಬೇರೆ ರೂಪ ಆರಿಸಿಕೊಂಡರು.

ಇಸ್ತಾಂಬುಲಿನಲ್ಲಿ ಹಾಗಿಯಾ ಐರೀನ್ ಎಂಬ ಹಳೆಯ ಚರ್ಚಿದೆ. ಆ ಕಾಲದಲ್ಲೇ ಭೂಕಂಪದ ನಂತರ ಮತ್ತೆ ಕಟ್ಟಿದ್ದು. ಪೀಠದ ಮೇಲಿನ ಅರ್ಧಗುಮ್ಮಟದಲ್ಲಿ ಬೇರೆ ಕಡೆಯಾದರೆ ಮರಿಯಳೋ ಕ್ರಿಸ್ತನೋ ಇರಬೇಕಾದ ಜಾಗ. ಅಲ್ಲಿ ಬಂಗಾರದ ಹಿನ್ನೆಲೆಯ ಮೇಲೆ ಬರಿಯ ಒಂದು ಶಿಲುಬೆ. ನಾನು ಛಾಯಾಚಿತ್ರದಲ್ಲಷ್ಟೇ ನೋಡಿದ್ದೇನೆ. ನೋಡಿದ ಕೂಡಲೇ ನಮ್ಮ ಸಭೆಯ ಗೋಡೆ ನೆನಪಾಯಿತು. ಮುಖಗಳನ್ನು ಅಳಿಸಿದವರ ಗೋಡೆಯೂ ಖಾಲಿ ಉಳಿಯಲಿಲ್ಲ.

ಚಿತ್ರಗಳ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವನು ದಮಸ್ಕದ ಯೋಹಾನ. ಅವನಿದ್ದದ್ದು ಮುಸ್ಲಿಂ ಖಲೀಫರ ಆಳ್ವಿಕೆಯ ನಾಡಿನಲ್ಲಿ, ಜೆರುಸಲೇಮಿನ ಬಳಿಯ ಮಠದಲ್ಲಿ. ಕ್ರೈಸ್ತ ಚಕ್ರವರ್ತಿಯ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಕ್ರೈಸ್ತ ಚಿತ್ರಗಳ ದೊಡ್ಡ ವಕೀಲನಿಗೆ ಆಸರೆಯಾದದ್ದು ಖಲೀಫರ ನೆಲ. ಇದನ್ನು ವಿಜಯಪುರದಿಂದ ಬಂದಿರುವ ಗೆಳೆಯರು ಊರಿಗೆ ಹೋಗಿ ಹೇಳಬೇಕು. (ಅಂದ ಹಾಗೆ, ಅವರ ಊರಿನ ಜಾಮಿಯಾ ಮಸೀದಿಯಲ್ಲಿ ಮೆಕ್ಕಾದ ದಿಕ್ಕು ತೋರುವ ಗೂಡಾದ ಮಿಹ್ರಾಬಿನಲ್ಲಿ 1636ರಲ್ಲಿ ಮಾಡಿಸಿದ ಬಂಗಾರದ ಅಕ್ಷರಗಳ ಕೆಲಸವನ್ನು ನೋಡಿ. ಮನುಷ್ಯರೂಪ ಒಂದೂ ಇಲ್ಲ, ಆದರೆ ಕಣ್ಣಿಗೆ ಉಪವಾಸವೂ ಇಲ್ಲ. ಅಸರ್ ಮಹಲಿನ ಮೇಲಂತಸ್ತಿಗೆ ಹೋದರೆ ಅಲ್ಲಿನ ಮಾಸಿದ ಗೋಡೆಗಳಲ್ಲಿ ಮನುಷ್ಯರ ಚಿತ್ರಗಳೂ ಇವೆ. ಯಾವ ಧರ್ಮವೂ ಈ ವಿಷಯದಲ್ಲಿ ಒಂದೇ ಬಾಯಲ್ಲಿ ಮಾತಾಡಿಲ್ಲ.)

ಯೋಹಾನನ ವಾದ ಸರಳ. ದೇವರಿಗೆ ರೂಪವಿಲ್ಲದ ಕಾಲದಲ್ಲಿ ಚಿತ್ರ ಬರೆಯುವುದು ಅಸಾಧ್ಯವಾಗಿತ್ತು. ಅವನು ಮೈ ತಳೆದು ಬಂದ ಮೇಲೆ, ಕಣ್ಣು ಕಂಡದ್ದನ್ನು ಬರೆಯಬಹುದು. ಮರ, ಬಣ್ಣ ಎಲ್ಲ ಜಡ ಎನ್ನುತ್ತೀರಲ್ಲ, ಸುವಾರ್ತೆಯ ಪುಸ್ತಕದ ಶಾಯಿ ಮತ್ತು ತೊಗಲು ಜಡವಲ್ಲವೇ? ಇದಕ್ಕೆ ನಮ್ಮ ಕಡೆಯವರ ಹತ್ತಿರ ಸುಲಭದ ಉತ್ತರವಿಲ್ಲ. ಬೈಬಲ್ ನೆಲಕ್ಕೆ ಬಿದ್ದರೆ ಎತ್ತಿ ಹಣೆಗೆ ಒತ್ತಿಕೊಳ್ಳುವವರು ನಾವು.

ಕೊನೆಗೆ 787ರಲ್ಲಿ ಐರೀನ್ ಎಂಬ ರಾಣಿಯ ಕಾಲದಲ್ಲಿ ನೈಸೀಯಾದಲ್ಲಿ ಮತ್ತೊಂದು ಮಹಾಸಭೆ ಕೂಡಿತು. ಅದು ಎರಡು ಗ್ರೀಕ್ ಪದಗಳ ನಡುವೆ ಗೆರೆ ಎಳೆಯಿತು. ‘ಲತ್ರೆಯಾ’ ಎಂದರೆ ದೇವರೊಬ್ಬನಿಗೇ ಸಲ್ಲುವ ಆರಾಧನೆ. ‘ಪ್ರೊಸ್ಕಿನೇಸಿಸ್’ ಎಂದರೆ ಬಾಗುವುದು, ಅಡ್ಡಬೀಳುವುದು. ಅದನ್ನು ಚಿತ್ರಕ್ಕೆ ಸಲ್ಲಿಸಬಹುದು, ಆ ಗೌರವ ಚಿತ್ರದಲ್ಲಿರುವವರಿಗೆ ಮುಟ್ಟುತ್ತದೆ. ಜಗಳ ಅಲ್ಲಿಗೂ ಮುಗಿಯಲಿಲ್ಲ. 815ರಲ್ಲಿ ಮತ್ತೆ ಚಿತ್ರಗಳು ಇಳಿದವು, 843ರಲ್ಲಿ ಥಿಯೋಡೋರಾ ರಾಣಿ ಮತ್ತೆ ಏರಿಸಿದಳು. ಆ ದಿನವನ್ನು ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಈಗಲೂ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ ಹಬ್ಬವಾಗಿ ಆಚರಿಸುತ್ತವೆ. ಎರಡು ಸಲವೂ ಚಿತ್ರಗಳನ್ನು ಮರಳಿ ತಂದವರು ಹೆಣ್ಣುಮಕ್ಕಳು. ನಮ್ಮ ನಡುಮನೆಯ ಧರ್ಮಸಭೆಯೂ ಆ ಸಾಲಿಗೇ ಸೇರುತ್ತದೆ.

ನೈಸೀಯಾದ ಕಡತ ಲ್ಯಾಟಿನ್ನಿಗೆ ಅನುವಾದವಾಗಿ ಪಶ್ಚಿಮಕ್ಕೆ ಬಂದಾಗ ಅನುವಾದಕ ‘ಪ್ರೊಸ್ಕಿನೇಸಿಸ್’ಗೆ ‘ಅದೊರಾತ್ಸಿಯೊ’ ಎಂದು ಬರೆದ. ಅದು ಆರಾಧನೆ ಎಂದೇ ಕೇಳಿಸಿತು. ಒಬ್ಬ ಬಿಷಪ್ ಚಿತ್ರಗಳಿಗೆ ತ್ರಿಯೇಕ ದೇವರ ಆರಾಧನೆ ಸಲ್ಲಿಸುವುದಿಲ್ಲ ಎಂದಿದ್ದರೆ, ಅನುವಾದದಲ್ಲಿ ಅವನು ಸಲ್ಲಿಸುತ್ತೇನೆ ಎಂದಂತಾಯಿತು. ಷಾರ್ಲಮೇನ್ ದೊರೆಯ ಪಂಡಿತರು ಕೆಂಡವಾದರು. 794ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸಭೆ ಸೇರಿ, ಗ್ರೀಕರು ಹೇಳದೇ ಇದ್ದ ಮಾತನ್ನು ಖಂಡಿಸಿದರು.

ಇದನ್ನು ಕೇಳಿ ನಕ್ಕಿರಿ. ಆದರೆ ಕನ್ನಡದಲ್ಲೂ ನಮ್ಮ ಕತೆ ಹಾಗೆಯೇ. ಕಥೋಲಿಕರು ತಮ್ಮ ಮುಖ್ಯ ಆಚರಣೆಗೆ ‘ಬಲಿಪೂಜೆ’ ಎನ್ನುತ್ತಾರೆ, ಮಾತಿನಲ್ಲಿ ಬರಿಯ ‘ಪೂಜೆ’. ನಾವು ‘ಆರಾಧನೆ’ ಎನ್ನುತ್ತೇವೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ “ಪೂಜೆಗೆ ಹೋಗಿ ಬರುತ್ತೇನೆ” ಎಂದಾಗೆಲ್ಲ ಅವ್ವನ ಮುಖ ಬಿಗಿಯುತ್ತಿತ್ತು. ಪೂಜೆ ಎಂದರೆ ಅವಳಿಗೆ ವಿಗ್ರಹದ್ದೇ. ಇನ್ನು ‘ಅಡ್ಡಬೀಳುವುದು’ ನೋಡಿ. ಹಬ್ಬದ ದಿನ ಹಿರಿಯರಿಗೆ ಅಡ್ಡಬೀಳುತ್ತೇವೆ. ಮದುವೆಯಲ್ಲಿ ಅಡ್ಡಬೀಳುತ್ತೇವೆ. ನಮ್ಮ ಸಭೆಯ ಪಾಸ್ಟರರ ಕಾಲು ಮುಟ್ಟುವವರೂ ಇದ್ದಾರೆ. ಆಗ ಯಾರೂ ಎರಡನೆಯ ಆಜ್ಞೆಯನ್ನು ನೆನೆಸುವುದಿಲ್ಲ. ಯೋಹಾನನೂ ಇದನ್ನೇ ಎತ್ತಿದ್ದ: ಅಬ್ರಹಾಮ ಹೊಲ ಕೊಳ್ಳುವಾಗ ಆ ನಾಡಿನ ಜನರ ಮುಂದೆ ಬಾಗಿ ನಮಸ್ಕರಿಸಲಿಲ್ಲವೇ? ಕಥೋಲಿಕರಿಗೂ ಒಂದು ಮಾತು ಹೇಳಬೇಕು. ಶುಭ ಶುಕ್ರವಾರದಂದು ಶಿಲುಬೆಯ ಪಾದಕ್ಕೆ ಮುತ್ತಿಡುವ ಆ ವಿಧಿಗೆ ನಿಮ್ಮದೇ ಲ್ಯಾಟಿನ್ ಪೂಜಾಗ್ರಂಥ ‘ಅದೊರಾತ್ಸಿಯೊ’ ಎಂದು ಹೆಸರಿಟ್ಟಿದೆ. ಹೊರಗಿನವರು ಗಲಿಬಿಲಿಗೊಂಡರೆ ತಪ್ಪು ಪೂರ್ತಿ ಅವರದ್ದಲ್ಲ.

ಈಗ ನಮ್ಮ ಬೇರಿಗೆ ಬರೋಣ. 1522ರಲ್ಲಿ ವಿಟ್ಟೆನ್‌ಬರ್ಗ್‌ನಲ್ಲಿ ಲೂಥರ್ ಊರಲ್ಲಿಲ್ಲದ ಹೊತ್ತು ನೋಡಿ ಅವನ ಜೊತೆಗಾರ ಕಾರ್ಲ್‌ಸ್ಟಾಟ್ ಚಿತ್ರಗಳನ್ನು ತೆಗೆಯಬೇಕೆಂದು ಕಿರುಹೊತ್ತಿಗೆ ಬರೆದ. ಅದರಲ್ಲಿ ಒಂದು ತಪ್ಪೊಪ್ಪಿಗೆ ಇದೆ: ಚಿಕ್ಕಂದಿನಿಂದ ಚಿತ್ರಗಳಿಗೆ ಗೌರವ ಕೊಟ್ಟು ಬೆಳೆದದ್ದರಿಂದ ಅವುಗಳ ಭಯ ಇನ್ನೂ ತನ್ನೊಳಗಿದೆ, ಬೇಕೆಂದರೂ ಹೋಗುತ್ತಿಲ್ಲ ಎನ್ನುತ್ತಾನೆ. ಒಡೆಯುವವನಿಗೆ ಆ ಮರದ ತುಂಡಿನ ಶಕ್ತಿಯಲ್ಲಿ ಇಟ್ಟುಕೊಳ್ಳುವವನಿಗಿಂತ ಹೆಚ್ಚು ನಂಬಿಕೆ ಇರುತ್ತದೆ ಎಂದು ನನಗೆ ಅನ್ನಿಸುವುದು ಇಲ್ಲಿ. ಲೂಥರ್ ಓಡಿಬಂದು ಜನರನ್ನು ತಣ್ಣಗಾಗಿಸಿದ. ಅವನ ವಾದ ಬೇರೆಯೇ ಧಾಟಿಯದು: ಕ್ರಿಸ್ತನ ಕತೆ ಕೇಳಿದಾಗ, ಬೇಕಿರಲಿ ಬೇಡವಿರಲಿ, ಶಿಲುಬೆಯಲ್ಲಿ ತೂಗುವ ಮನುಷ್ಯನ ಚಿತ್ರ ನನ್ನ ಎದೆಯಲ್ಲಿ ಮೂಡುತ್ತದೆ, ನೀರಿನಲ್ಲಿ ಮುಖ ಮೂಡಿದ ಹಾಗೆ. ಎದೆಯಲ್ಲಿರುವುದು ಪಾಪವಲ್ಲವೆಂದರೆ ಕಣ್ಣಿನ ಮುಂದಿರುವುದು ಹೇಗೆ ಪಾಪ?

ಸ್ವಿಟ್ಜರ್ಲೆಂಡಿನವರು ಈ ಮಾತಿಗೆ ಕಿವಿಗೊಡಲಿಲ್ಲ. 1524ರ ಬೇಸಿಗೆಯಲ್ಲಿ ಜೂರಿಕ್ ನಗರಸಭೆ ಚರ್ಚಿನ ಬಾಗಿಲು ಹಾಕಿಸಿ, ಬಡಗಿ, ಕಲ್ಲುಕುಟಿಗ, ಕಮ್ಮಾರರನ್ನು ಕರೆಸಿ ಶಿಸ್ತಿನಿಂದ ಎಲ್ಲವನ್ನೂ ಇಳಿಸಿತು. ಸುಣ್ಣ ಬಳಿದ ಗೋಡೆಗಳನ್ನು ನೋಡಿ ಸುಧಾರಕ ಜ್ವಿಂಗ್ಲಿ ಎಷ್ಟು ಬೆಳ್ಳಗೆ ಹೊಳೆಯುತ್ತಿವೆ ಎಂದು ಹಿಗ್ಗಿದ. ಬಾಸೆಲ್‌ನಲ್ಲಿ ಶಿಸ್ತು ಇರಲಿಲ್ಲ. 1529ರ ಫೆಬ್ರುವರಿಯಲ್ಲಿ ಜನ ಕೆಥೆಡ್ರಲ್‌ಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಒಡೆದರು, ಸುಟ್ಟರು. ಆ ಊರಿನಲ್ಲಿದ್ದ ಮಹಾಪಂಡಿತ ಎರಾಸ್ಮಸ್, ಇಷ್ಟು ಅವಮಾನವಾದರೂ ಸಂತರು ಒಂದು ಪವಾಡವನ್ನೂ ತೋರಲಿಲ್ಲವಲ್ಲ ಎಂದು ಪತ್ರದಲ್ಲಿ ಕೊಂಕು ನುಡಿದು, ಊರನ್ನೇ ಬಿಟ್ಟುಹೋದ.

ಆ ಬಾಸೆಲ್‌ನಲ್ಲೇ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. 1834ರಲ್ಲಿ ಮಂಗಳೂರಿಗೆ ಬಂತು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮುಂದೆ ಗುಳೇದಗುಡ್ಡ. ಅದರ ಮಿಷನರಿಗಳಲ್ಲಿ ಲೂಥರನ್ ಮನೆಗಳವರೂ ಸ್ವಿಸ್ ಮನೆಗಳವರೂ ಬೆರೆತಿದ್ದರು. ಹಾಗಾಗಿ ನಮಗೆ ಎರಡೂ ಬಂದವು: ಜ್ವಿಂಗ್ಲಿಯ ಬಿಳಿ ಗೋಡೆ ಮತ್ತು ಲೂಥರನ ಕಡೆಯಿಂದ ಒಂದು ಬರಿಯ ಶಿಲುಬೆ. ನಮ್ಮ ಅಜ್ಜ ಈ ಊರಿನಲ್ಲಿ ಖಣ ನೇಯುತ್ತ, ಮಗ್ಗದ ಮೇಲೆ ಬಣ್ಣದ ಮೇಲೆ ಬಣ್ಣ ಹಾಕುತ್ತ ಇದ್ದವರು ಭಾನುವಾರ ಒಂದು ಗಂಟೆ ಬಿಳಿ ಗೋಡೆಯ ಮುಂದೆ ಕೂಡುತ್ತಿದ್ದರು. ಆ ಗೋಡೆ ಅವರಿಗೆ ಹೇಗೆ ಕಂಡಿತೋ!

ಕೂಡಲಸಂಗಮ ನಮ್ಮದೇ ಜಿಲ್ಲೆಯಲ್ಲಿದೆ, ಆದ್ದರಿಂದ ನಿಮ್ಮ ಮನಸ್ಸಿನಲ್ಲಿ ಈಗಾಗಲೇ ಸ್ಥಾವರ-ಜಂಗಮದ ಮಾತು ಎದ್ದಿರಬೇಕು. ಬಸವಣ್ಣನವರನ್ನೂ ಈ ಸುಧಾರಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಭಾಷಣಗಳನ್ನು ನಾನೂ ಕೇಳಿದ್ದೇನೆ. ಹೋಲಿಕೆ ಸ್ವಲ್ಪ ದೂರ ನಡೆಯುತ್ತದೆ, ಆಮೇಲೆ ಕುಂಟುತ್ತದೆ. ಗುಡಿಯ ಲಿಂಗವನ್ನು ಬಿಟ್ಟವರು ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಟ್ಟರು. ಜ್ವಿಂಗ್ಲಿ ಅದನ್ನು ಖಂಡಿತ ಒಪ್ಪುತ್ತಿರಲಿಲ್ಲ. ಅಂಗೈ ಕೂಡ ಖಾಲಿ ಉಳಿಯಲಿಲ್ಲ ಎಂಬುದಷ್ಟೇ ನನಗೆ ಇಲ್ಲಿ ಮುಖ್ಯ.

ಇಂಗ್ಲೆಂಡಿನ ಕತೆ ಇನ್ನೂ ಸೊಗಸು. ಅಲ್ಲಿ ದೊಡ್ಡ ಶಿಲುಬೆಗಳನ್ನು ಇಳಿಸಿದ ಮೇಲೆ ಆ ಜಾಗದಲ್ಲಿ ಅರಸರ ಲಾಂಛನ ಬಂತು. ಮುಂದೆ ಅದರಲ್ಲಿ ಸಿಂಹ ಮತ್ತು ಒಂಟಿಕೊಂಬಿನ ಕುದುರೆಯೂ ಬಂದು ನಿಂತವು. ಪಕ್ಕದಲ್ಲಿ ಹಲಗೆಯ ಮೇಲೆ ಬರೆದ ಹತ್ತು ಆಜ್ಞೆಗಳು. ವಿಗ್ರಹ ಬೇಡ ಎನ್ನುವ ಆಜ್ಞೆಯ ನೆರೆಯಲ್ಲಿ ಸಿಂಹ! ಬ್ರಿಟಿಷರ ದಂಡು ಇದ್ದ ನಮ್ಮ ಊರುಗಳ ಹಳೆಯ ಚರ್ಚುಗಳಲ್ಲಿ ಸತ್ತ ಅಧಿಕಾರಿಗಳ ಹಿತ್ತಾಳೆ ಫಲಕಗಳನ್ನು ನೋಡಿದಾಗ ನನಗೆ ಇದೇ ನೆನಪಾಗುತ್ತದೆ.

ಗೋವಾದ ಬೇರು ಬೆಳಗಾವಿಯವರದು, ಅದನ್ನು ಹೇಳುವಾಗ ಬಾಯಿ ಕಹಿಯಾಗುತ್ತದೆ. 1563ರ ಡಿಸೆಂಬರಿನಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಚಿತ್ರ, ಪ್ರತಿಮೆಗಳನ್ನು ಇಟ್ಟುಕೊಳ್ಳಬೇಕು, ಗೌರವಿಸಬೇಕು, ಅವುಗಳಲ್ಲೇ ದೈವಶಕ್ತಿ ಇದೆ ಎಂದು ನಂಬಬಾರದು ಎಂದು ತೀರ್ಮಾನಿಸಿತು. 1566ರ ಆಗಸ್ಟಿನಲ್ಲಿ ಆಂಟ್‌ವರ್ಪ್‌ನ ಚರ್ಚುಗಳಿಗೆ ಪ್ರೊಟೆಸ್ಟಂಟರು ನುಗ್ಗಿ ಪ್ರತಿಮೆಗಳನ್ನು ಒಡೆದಾಗ ಕಥೋಲಿಕ ಯೂರೋಪು ಎದೆ ಬಡಿದುಕೊಂಡಿತು. ಅದರ ಮುಂದಿನ ವರ್ಷ, 1567ರಲ್ಲಿ, ಗೋವಾದ ಸಾಲ್ಸೆಟ್‌ನಲ್ಲಿ ಕಥೋಲಿಕ ಪೋರ್ಚುಗೀಸರು ಹಿಂದೂ ದೇವಾಲಯಗಳನ್ನು ಕೆಡವಿದರು. ತಮ್ಮ ಪ್ರತಿಮೆ ಪವಿತ್ರ, ನಿಮ್ಮದು ವಿಗ್ರಹ. ಮಂಗೇಶಿಯೂ ಶಾಂತಾದುರ್ಗೆಯೂ ಆ ದಶಕದಲ್ಲೇ ನದಿ ದಾಟಿ ಫೋಂಡಾದ ಕಡೆಗೆ ಹೋದದ್ದು. ಬೆಳಗಾವಿಯಿಂದ ಇವತ್ತಿಗೂ ಎಷ್ಟೋ ಮನೆಗಳವರು ಕುಲದೇವರೆಂದು ಅಲ್ಲಿಗೆ ಹೋಗಿ ಬರುತ್ತಾರೆ. ಗೋವಾದ ಮಹಾಧರ್ಮಪ್ರಾಂತ್ಯದಿಂದ ಬೇರೆಯಾಗಿ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಆಯಿತು. ಒಂದೇ ಬಸ್ಸಿನಲ್ಲಿ ಒಬ್ಬರು ಶಾಂತಾದುರ್ಗೆಗೆ, ಇನ್ನೊಬ್ಬರು ಹಳೆಯ ಗೋವಾದ ಚರ್ಚಿಗೆ ಹೊರಟಿರುತ್ತಾರೆ. ಇಬ್ಬರ ಹಿಂದೆಯೂ 1567 ಇದೆ. ಈ ವಿಷಯದ ಬಗ್ಗೆ ಕ್ರೈಸ್ತರು ಮಾತಾಡುವಾಗ ತಮ್ಮೊಳಗಿನ ಜಗಳವನ್ನಷ್ಟೇ ಹೇಳಿ ಇದನ್ನು ಬಿಟ್ಟರೆ ಅದು ಅರ್ಧ ಇತಿಹಾಸ.

ನಮ್ಮ ಕಾಲಕ್ಕೆ ಬಂದರೆ ಗೆರೆಗಳು ಇನ್ನೂ ಕಲಸಿಕೊಂಡಿವೆ. ಪ್ರತಿಮೆಗೆ ಒಪ್ಪದ ನಮ್ಮ ಮನೆಗಳಲ್ಲಿ ಡಿಸೆಂಬರ್ ಬಂದರೆ ಗೋದಲಿ ಸಿದ್ಧವಾಗುತ್ತದೆ: ಹುಲ್ಲು, ಕುರಿ, ಕುರುಬರು, ಮರಿಯ, ಯೋಸೇಫ, ಮಲಗಿದ ಕೂಸು. ಫ್ರಾನ್ಸಿಸ್ ಆಫ್ ಅಸ್ಸಿಸಿ 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಶುರುಮಾಡಿದ ಅಪ್ಪಟ ಕಥೋಲಿಕ ಪದ್ಧತಿ ಅದು. ಜನವರಿಯಲ್ಲಿ ಆ ಬೊಂಬೆಗಳನ್ನು ಹಾಳೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತೇವೆ, ಮತ್ತೆ ಹನ್ನೊಂದು ತಿಂಗಳು ಬೊಂಬೆವಿರೋಧಿಗಳಾಗುತ್ತೇವೆ. ಕಥೋಲಿಕರಲ್ಲೂ ಒಳಜಗಳವಿದೆ. 1969ರಲ್ಲಿ ಭಾರತದ ಪೂಜಾವಿಧಿಯಲ್ಲಿ ಆರತಿ, ಎಣ್ಣೆದೀಪ, ಕೈಮುಗಿದು ಬಾಗುವುದು ಮುಂತಾದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಮರಿಯಮ್ಮನ ಪ್ರತಿಮೆಗೆ ಮೇಣದಬತ್ತಿ ಹಚ್ಚಿ ಬೆಳೆದ ಎಷ್ಟೋ ಭಕ್ತರಿಗೆ ಹಿತ್ತಾಳೆಯ ದೀಪ ನುಂಗಲಾರದ ತುತ್ತಾಯಿತು. ಮೇಣದ ಬೆಂಕಿ ಕ್ರೈಸ್ತ, ಎಣ್ಣೆಯ ಬೆಂಕಿ ಹಿಂದೂ! ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಲಾಂಛನದಲ್ಲಿ ಶಿಲುಬೆಯ ಜೊತೆ ಕಮಲವಿದೆ. ಅದಕ್ಕೂ ಹುಬ್ಬೇರಿಸಿದವರನ್ನು ಕಂಡಿದ್ದೇನೆ. ಕೇರಳದ ಪ್ರಾಚೀನ ಕಲ್ಲಿನ ಶಿಲುಬೆಗಳ ಬುಡದಲ್ಲೂ ಕಮಲದ ದಳಗಳಿವೆ, ಯಾರ ಮಿಷನ್ನೂ ಇಲ್ಲಿಗೆ ಬರುವ ಎಷ್ಟೋ ಮೊದಲು. ‘ಶಿಲುಬೆ’ ಎಂಬ ಪದವೇ ಕೇರಳದ ಸಿರಿಯನ್ ಕ್ರೈಸ್ತರ ಸಿರಿಯಾಕ್ ಭಾಷೆಯಿಂದ ಬಂದದ್ದು.

ಪದದ ಮಾತು ಬಂದಾಗ ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಕನ್ನಡ ಕಥೋಲಿಕರಲ್ಲಿ ಹಲವರು ಪ್ರತಿಮೆಗೆ ‘ಸ್ವರೂಪ’ ಎನ್ನುತ್ತಾರೆ. ನಮ್ಮ ಪ್ರೊಟೆಸ್ಟಂಟ್ ಸಭೆಗಳ ಗೋಡೆಯ ಮೇಲೆ, ಚಿತ್ರಕ್ಕೆ ಜಾಗವಿಲ್ಲದ ಆ ಬಿಳಿ ಗೋಡೆಯ ಮೇಲೆ, ದೊಡ್ಡ ಅಕ್ಷರಗಳಲ್ಲಿ ಬರೆದಿರುವ ವಚನ ಯಾವುದು? ‘ದೇವರು ಪ್ರೀತಿಸ್ವರೂಪಿ’. ಅಕ್ಷರಕ್ಕೆ ಅಂಚು ಕಟ್ಟಿ, ಬಂಗಾರದ ಬಣ್ಣ ಬಳಿದು, ಹಬ್ಬಕ್ಕೊಮ್ಮೆ ಹೊಸದು ಮಾಡುತ್ತೇವೆ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು ಎಂದಿರುವಲ್ಲಿಯೂ ಅದೇ ಪದ.

ಮುಂದಿನ ಸಾಲಿನಲ್ಲಿ ಕುಳಿತ ತಾಯಿಯೊಬ್ಬರು ಕೇಳುತ್ತಿದ್ದಾರೆ: “ಅದೆಲ್ಲ ಇರಲಿ ಸರ್, ನೀವು ಯಾರ ಕಡೆ?” ನ್ಯಾಯವಾದ ಪ್ರಶ್ನೆ. ನಾನು ಬಿಳಿ ಗೋಡೆಯ ಕಡೆಯವನು. ಮುಖವಿಲ್ಲದ ಗೋಡೆಯ ಮುಂದೆಯೇ ನನಗೆ ಪ್ರಾರ್ಥನೆ ಬರುತ್ತದೆ. ಪ್ರತಿಮೆಯ ಮುಂದೆ ಕುಳಿತರೆ ನಾನು ಕಲಾವಿದನ ಕೈಚಳಕ ನೋಡುತ್ತ ಕೂಡುತ್ತೇನೆ. ಹಿಜ್ಕೀಯನ ಭಯ ಸುಳ್ಳು ಭಯವೆಂದೂ ನನಗೆ ಅನ್ನಿಸುವುದಿಲ್ಲ. ಈ ಪ್ರತಿಮೆ ಶಕ್ತಿಯುಳ್ಳದ್ದು, ಆ ಪ್ರತಿಮೆ ಬೇಡಿದ್ದನ್ನು ಕೊಡುತ್ತದೆ ಎಂದು ಊರಿಂದೂರಿಗೆ ಸುದ್ದಿ ಹಬ್ಬಿಸುವವರನ್ನು ಟ್ರೆಂಟ್ ಸಭೆಯೇ ಒಪ್ಪುವುದಿಲ್ಲ. ಆದರೆ ಇನ್ನೊಬ್ಬರ ಮೊಣಕಾಲು ನೆಲಕ್ಕೆ ತಾಗಿದ್ದನ್ನು ನೋಡಿ ಅವರ ಎದೆಯಲ್ಲಿರುವುದು ಲತ್ರೆಯಾವೋ ಪ್ರೊಸ್ಕಿನೇಸಿಸ್ಸೋ ಎಂದು ತೀರ್ಪು ಕೊಡುವ ಕೆಲಸವನ್ನು ನಾನು ಬಿಟ್ಟೆ. ಬಿಡಿಸಿದವಳು ಅವ್ವ.

ಅಪ್ಪ ತೀರಿಕೊಂಡ ವರ್ಷ ಅವರ ಫೋಟೋಕ್ಕೆ ಕಟ್ಟು ಹಾಕಿಸಿ ತಂದೆವು. ಅಲ್ಲಿಯವರೆಗೆ ನಮ್ಮ ಗೋಡೆಯ ಮೇಲೆ ಮನುಷ್ಯನ ಮುಖವಿರಲಿಲ್ಲ. ಒಂದು ದಿನ ಶಾಲೆಯಿಂದ ಬಂದಾಗ ಆ ಫೋಟೋಕ್ಕೆ ಮಲ್ಲಿಗೆಯ ಮಾಲೆ ಬಿದ್ದಿತ್ತು, ಅವ್ವ ಕೆಳಗೆ ಕುಳಿತು ಏನೋ ಹೇಳಿಕೊಳ್ಳುತ್ತಿದ್ದಳು. “ಅವ್ವಾ, ಇದು ನಮ್ಮಲ್ಲಿ ನಡೆಯುತ್ತದೆಯೇ?” ಎಂದೆ, ಸ್ವಲ್ಪ ಕುಚೋದ್ಯದಿಂದಲೇ. ಅವಳು ನನ್ನ ಕಡೆ ತಿರುಗಿ, “ಇದು ವಿಗ್ರಹವಲ್ಲ, ನಿನ್ನ ಅಪ್ಪ” ಎಂದಳು. ನೈಸೀಯಾದ ಬಿಷಪ್ಪರಿಗೆ ಇದನ್ನು ಹೇಳಲು ಪುಟಗಟ್ಟಲೆ ಬೇಕಾಗಿತ್ತು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಹೊರಗೆ ಬರಲಿಲ್ಲ, ನಗಲೂ ಇಲ್ಲ. ಮಾಲೆಯಲ್ಲಿ ಉಳಿದ ಒಂದು ಗೇಣು ಹೂವನ್ನು ಅವ್ವ ಅವಳ ಕೈಗೆ ಕೊಟ್ಟಳು. ಅದನ್ನು ಅವಳು ಮುಡಿದಳೋ ಗೂಡಿನಲ್ಲಿಟ್ಟಳೋ ನಾನು ನೋಡಲಿಲ್ಲ.

ಗೂಡಿನ ಪರದೆ ಈಗ ಮೂರನೆಯದು. ಮೊದಲಿನದು ಸವೆದಾಗ ಅವ್ವನೇ ಪೇಟೆಗೆ ಹೋಗಿ ಹೊಸ ಖಣ ತಂದು ಹೊಲಿದಳು. ಕೇಳಿದವರಿಗೆಲ್ಲ “ಧೂಳು ಕೂಡುತ್ತದೆ, ಅದಕ್ಕೆ” ಎನ್ನುತ್ತಿದ್ದಳು. ಯಾವುದರ ಮೇಲೆ ಎಂದು ಯಾರೂ ಕೇಳಲಿಲ್ಲ.